ಕುಂಕುಮದ ಡಬ್ಬಿಯಲ್ಲಿದ್ದ ಮಾತ್ರೆ

ತೂಕ ಇಳಿಸುವ ಆಪರೇಷನ್ ಆದ ಮೇಲೆ ಅರೆತಲೆನೋವಿನಿಂದ ನರಳುತ್ತಾ, ಅದನ್ನು ಮನೆಯಲ್ಲಿ ಹೇಳಿಕೊಳ್ಳಲಾಗದೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದವರಲ್ಲಿ ಇವರು ಮೂರನೆಯವರು. ಮೊದಲಿನ ಇಬ್ಬರಿಗೂ ಕೇಳಬೇಕಾದದ್ದನ್ನು ನಾನು ತಡವಾಗಿ ಕೇಳಿದೆ. ಆ ಕೊರಗು ಇನ್ನೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಇವರು ಶಾಲಾ ಶಿಕ್ಷಕಿ. ಟೀಚರ್ ಅಂತಲೇ ಕರೆಯುತ್ತೇನೆ. ವಯಸ್ಸು 40ರ ಹತ್ತಿರ. ಕಾಲೇಜು ದಿನಗಳಿಂದಲೂ ಮೈಗ್ರೇನ್ ಇತ್ತು. ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಸೇರಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿ 14 ತಿಂಗಳಾಗಿತ್ತು, 30 ಕಿಲೋಗಿಂತ ಜಾಸ್ತಿ ಇಳಿದಿದ್ದರು. ಮೊದಲ ಕೆಲವು ತಿಂಗಳು ತಲೆನೋವೂ ಕಡಿಮೆಯಾಗಿತ್ತು. ಆಮೇಲೆ ವಾರಕ್ಕೆ ಎರಡು ಸಲ ಬರತೊಡಗಿತು. ಸದಾ ಸಿಡಿಮಿಡಿ ಅಂತ ಗಂಡ ನನ್ನ ಹತ್ತಿರ ಕಳಿಸಿದ್ದರು.

ಎರಡು ಭೇಟಿ ಬರೀ ಅತ್ತೆ, ಶಾಲೆ, ನಿದ್ದೆಯ ಮಾತಲ್ಲೇ ಕಳೆದವು. ಮೂರನೆಯದು ಸಂಜೆ 4 ಗಂಟೆಗೆ. ಬಂದು ಕೂತವರು ಲೈಟ್ ಆರಿಸಬಹುದಾ ಅಂತ ಕೇಳಿದರು. ಬಲಗಣ್ಣು ಅರ್ಧ ಮುಚ್ಚಿತ್ತು. ಬ್ಯಾಗಿನಿಂದ ಕುಂಕುಮದ ಪುಟ್ಟ ಡಬ್ಬಿ ತೆಗೆದರು. ಹಣೆಗೆ ಇಟ್ಟುಕೊಳ್ಳುತ್ತಾರೆ ಅಂದುಕೊಂಡೆ. ಅದರೊಳಗೆ ಒಂದೊಂದಾಗಿ ಕತ್ತರಿಸಿದ ಮಾತ್ರೆ ಸ್ಟ್ರಿಪ್ಪಿನ ತುಂಡುಗಳಿದ್ದವು, ಅಂಚಿಗೆಲ್ಲ ಕೆಂಪು ಪುಡಿ ಮೆತ್ತಿತ್ತು. ಒಂದು ನುಂಗಿ, ಒಂದೇ ಗುಟುಕು ನೀರು ಕುಡಿದು ಬಾಟಲಿ ಮುಚ್ಚಿದರು. ಬೆಳಿಗ್ಗೆ ತುಂಬಿಸಿಕೊಂಡ ಬಾಟಲಿಯಂತೆ. ಕುತ್ತಿಗೆಯವರೆಗೂ ನೀರು ಹಾಗೇ ಇತ್ತು.

"ಡಬ್ಬಿಯಲ್ಲಿ ಯಾಕೆ?" ಅಂದೆ.

"ಲಕ್ಷಗಟ್ಟಲೆ ಖರ್ಚು ಮಾಡಿಸಿ ತೆಳ್ಳಗಾಗಿದ್ದೀನಿ ಮೇಡಂ. ಇನ್ನು ತಲೆನೋವು ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ದೇವರು ಕೊಟ್ಟ ಹೊಟ್ಟೆ ಕೊಯ್ಯಿಸಿಕೊಂಡೆಯಲ್ಲ, ಅನುಭವಿಸು ಅಂತಾರೆ ಅತ್ತೆ. ನನಗೂ ಹಾಗೇ ಅನ್ಸುತ್ತೆ."

ನಾನು ಸಮಾಧಾನದ ಮಾತು ಆಡಲಿಲ್ಲ. ಮಾತ್ರೆಯ ಹೆಸರು ಕೇಳಿದೆ. ನ್ಯಾಪ್ರೊಕ್ಸೆನ್. ತಿಂಗಳಿಗೆ ಎಷ್ಟು ದಿನ? ಬೆರಳು ಮಡಚಿ ಎಣಿಸಿ, "18 ಇರಬಹುದು" ಅಂದರು. ಎದೆ ಕೆಳಗೆ ಉರಿ? ಇದೆ. ಮಲ ಕಪ್ಪಗೆ ಹೋಗಿದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವಾರ" ಅಂದರು. ಒಳಗೆ ರಕ್ತ ಸೋರುತ್ತಿದ್ದರೆ ಹಾಗಾಗುತ್ತದೆ. ಅಲ್ಲಿಂದಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿಸಿದೆ. ಉಳಿದ ಮಾತ್ರೆಗಳನ್ನು ನುಂಗಬೇಡಿ, ಡಬ್ಬಿ ಸಮೇತ ತೆಗೆದುಕೊಂಡು ಹೋಗಿ ತೋರಿಸಿ ಅಂದೆ. ಅಂದೇ ರಾತ್ರಿ ಅಡ್ಮಿಟ್ ಆದರು. ಎಂಡೋಸ್ಕೋಪಿಯಲ್ಲಿ ಹೊಟ್ಟೆ ಮತ್ತು ಕರುಳು ಸೇರಿಸಿದ ಜಾಗದಲ್ಲೇ ಹುಣ್ಣು ಕಂಡಿತು.

ಮರುದಿನ ಗಂಡ ಫೋನ್ ಮಾಡಿ, ಮನಸ್ಸಿನ ವಿಚಾರಕ್ಕೆ ಕಳಿಸಿದರೆ ಮಾತ್ರೆಗೆ ಯಾಕೆ ಕೈ ಹಾಕಿದಿರಿ ಅಂತ ರೇಗಿದರು. ನಾನು ಡಾಕ್ಟರಲ್ಲ, ನಿಜ. ಔಷಧಿ ಬರೆದುಕೊಡಲಿಲ್ಲ. ಆದರೆ ನಾಚಿಕೆಯಿಂದ ಮುಚ್ಚಿಟ್ಟ ಮಾತ್ರೆ ಮನಸ್ಸಿನ ವಿಚಾರ ಅಲ್ವಾ? ಆ ಡಬ್ಬಿ ನೋಡಿಯೂ ಬರೀ ಅತ್ತೆ-ಸೊಸೆ ಜಗಳ ಬಿಡಿಸುತ್ತಾ ಕೂತಿದ್ದರೆ ಅದೇ ನನ್ನ ತಪ್ಪಾಗುತ್ತಿತ್ತು. ಇನ್ನೊಬ್ಬರು ಬಂದರೂ ಹೀಗೇ ಕೇಳುತ್ತೇನೆ.

ಬೈಪಾಸ್ ಆದವರು ಇಷ್ಟು ತಿಳಿದಿರಲೇಬೇಕು. ಐಬುಪ್ರೊಫೇನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆಗಳು ಆ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಮೆಡಿಕಲ್ ಶಾಪಿನಲ್ಲಿ "ತಲೆನೋವಿಗೆ ಏನಾದ್ರೂ ಕೊಡಿ" ಅಂದರೆ ಆಪರೇಷನ್ ಆಗಿದೆಯಾ ಅಂತ ಯಾರೂ ಕೇಳುವುದಿಲ್ಲ. ನೀವೇ ಹೇಳಬೇಕು. ನೋವಿನ ಮಾತ್ರೆ ತಿಂಗಳುಗಟ್ಟಲೆ, ತಿಂಗಳಿಗೆ 15 ದಿನ ಅಥವಾ ಜಾಸ್ತಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಪ್ಯಾರಾಸಿಟಮಾಲ್, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್, ಮೂಗಿನ ಸ್ಪ್ರೇ, ನೋವು ಬರದಂತೆ ದಿನಾ ತೆಗೆದುಕೊಳ್ಳುವ ತಡೆ ಔಷಧಿ ಎಲ್ಲ ಇವೆ. ಯಾವುದು ನಿಮಗೆ ಹೊಂದುತ್ತದೆ ಅಂತ ನರರೋಗ ತಜ್ಞರು ಮತ್ತು ಸರ್ಜನ್ ಸೇರಿ ಹೇಳಲಿ. ವಾಂತಿ ನಿಲ್ಲದೆ, ಕಣ್ಣಿಗೆ ಎರಡೆರಡು ಕಂಡು, ನಡಿಗೆ ತಪ್ಪಿದರೆ ಅದು ಮೈಗ್ರೇನ್ ಅಂತ ಮಲಗಬೇಡಿ. ಬಿ1 ಜೀವಸತ್ವ ತೀರಾ ಇಳಿದಾಗ ಹಾಗಾಗಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಟೀಚರ್ ಮನೆಗೆ ಬಂದ ಮೇಲೆ ಡೈರಿ ಬರೆಸಿದೆ. ನೋವು ಶುರುವಾದ ಹೊತ್ತು, ಊಟ, ನೀರು, ನಿದ್ದೆ, ಮುಟ್ಟು. ಎರಡೇ ತಿಂಗಳಲ್ಲಿ ವಿಷಯ ಕಣ್ಣಿಗೆ ಬಿತ್ತು. ಎರಡೂ ಸಂಕಷ್ಟಿಯಂದು, ಚಂದ್ರ ಕಾಣುವ ಮೊದಲೇ ನೋವು. ಪರೀಕ್ಷೆ ಡ್ಯೂಟಿಯಲ್ಲಿ ಊಟ ಬಿಟ್ಟ ದಿನ ನೋವು. ಸ್ಟಾಫ್ ರೂಮಿನಲ್ಲಿ ಕೇಸರಿಬಾತ್ ತಿಂದ ದಿನ ಎರಡು ಗಂಟೆ ಬಿಟ್ಟು ಮೊದಲು ಬೆವರು, ನಡುಕ, ಆಮೇಲೆ ನೋವು. ಬೈಪಾಸ್ ಆದವರಿಗೆ ಸಿಹಿ ಬೇಗ ಕರುಳಿಗಿಳಿದು ಸಕ್ಕರೆ ಏರುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಧಡಕ್ಕನೆ ಇಳಿಯಬಹುದು. ನೀರನ್ನು ಊಟದ ಜೊತೆ ಕುಡಿಯುವಂತಿಲ್ಲ, ಗಟಗಟ ಕುಡಿಯಲೂ ಆಗುವುದಿಲ್ಲ. ಹಾಗಾಗಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯದಿದ್ದರೆ ಮೈ ಒಣಗುತ್ತದೆ.

ಉಪವಾಸ ಬಿಡಿ ಅಂತ ನಾನು ಹೇಳಲಿಲ್ಲ. ಅದು ಅವರ ಭಕ್ತಿ. ಡೈರಿಯನ್ನೇ ಅವರ ಮುಂದೆ ಇಟ್ಟೆ. ತುಂಬಾ ಹೊತ್ತು ನೋಡಿ, "ದೀಪ ಹಚ್ಚಿ ಗರಿಕೆ ಇಡ್ತೀನಿ, ಊಟ ಬಿಡಲ್ಲ" ಅಂತ ಅವರೇ ಅಂದರು.

ಮೈಗ್ರೇನ್ ಹೋಗಿಲ್ಲ. ತಿಂಗಳಿಗೆ ಮೂರು ಸಲ ಬರುತ್ತದೆ. ಈಗಿನ ಮಾತ್ರೆಯ ಚೀಟಿ ಫ್ರಿಜ್ ಬಾಗಿಲ ಮೇಲಿದೆ. ಹೋದ ಸಲ ತಂದ ಡೈರಿಯಲ್ಲಿ ಒಂದು ಸಾಲು ಬೇರೆ ಅಕ್ಷರದಲ್ಲಿತ್ತು: "ಮಧ್ಯಾಹ್ನ ನೀರು ಕುಡಿದಿಲ್ಲ." ಗಂಡನ ಕೈಬರಹ. ಅತ್ತೆಗೆ ಹುಣ್ಣಿನ ವಿಷಯ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಅಂತ ಮುಂದಿನ ಗುರುವಾರ ಮಾತಾಡುತ್ತೇವೆ.