ಬಸ್ಸಿನಲ್ಲಿ ಕೇಳುವವರಿಗೆ ಏನು ಹೇಳಲಿ?

ಮುಖದ ಮೇಲೆ ಹುಟ್ಟು ಮಚ್ಚೆ ಇರುವ ಮಕ್ಕಳ ತಂದೆತಾಯಿ ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ಮೊದಲು ಕೇಳುವುದು ಒಂದೇ ಮಾತು. "ಮೇಡಂ, ಜನಕ್ಕೆ ಏನು ಹೇಳೋದು?" ಇದು ಮತ್ತೆ ಮತ್ತೆ ಬರುವ ಪ್ರಶ್ನೆಯಾದ್ದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ತಾಯಿಗೆ ಬ್ಯಾಂಕಿನಲ್ಲಿ ಕೆಲಸ. ಮಗಳು ಒಂದನೇ ಕ್ಲಾಸು. ಹಣೆಯ ಎಡಭಾಗದಿಂದ ಕೆನ್ನೆಯವರೆಗೆ ಮಚ್ಚೆ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಜನರ ಪ್ರಶ್ನೆಗೆ ಹೆದರಿ ತಾಯಿ ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಮದುವೆ, ನಾಮಕರಣಗಳಿಗೆ ಹೋಗುವುದೂ ನಿಂತಿತ್ತು. ಹೋಗಲೇಬೇಕಾದರೆ ಮಗುವಿನ ಮುಖಕ್ಕೆ ದಪ್ಪಗೆ ಪೌಡರ್. ಗಂಡ ಮಾತು ಕಡಿಮೆ. ಅತ್ತೆ ಜೊತೆಯಲ್ಲೇ ಇದ್ದಾರೆ.

ಎರಡನೇ ಭೇಟಿಯಲ್ಲಿ ಒಂದು ಅಭ್ಯಾಸ ಮಾಡಿಸಲು ಕೂತೆ. ನಾನು ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು. ತಾಯಿ ತಾಯಿಯೇ. ಮಗು ಚಾಪೆ ಮೇಲೆ ಕೂತು ಬ್ಲಾಕ್ಸ್ ಜೋಡಿಸುತ್ತಿತ್ತು.

"ಅಯ್ಯೋ, ಮಗೀಗೆ ಏನವ್ವಾ ಆಯ್ತು? ಬಿಸಿನೀರು ಬಿತ್ತಾ?" ಅಂದೆ.

ತಾಯಿ "ಇಲ್ಲ, ಅದು..." ಅಂತ ತಡವರಿಸಿದರು. ಅಷ್ಟರಲ್ಲಿ ಚಾಪೆ ಕಡೆಯಿಂದ ಉತ್ತರ ಬಂತು.

"ನಮ್ಮಮ್ಮ ಗ್ರಹಣದಲ್ಲಿ ಆಚೆ ಹೋಗಿದ್ಲು. ಅದಕ್ಕೇ ಹಿಂಗಾಗಿರೋದು."

ತಲೆ ಕೂಡ ಎತ್ತಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ತಾಯಿ ಗಾಬರಿಯಾಗಿ, "ಯಾರೇ ನಿಂಗೆ ಹೇಳಿದ್ದು?" ಅಂದರು.

"ಅಜ್ಜಿ ಫೋನಲ್ಲಿ ಹೇಳ್ತಾರಲ್ಲ. ನಾನು ಮಿಸ್‌ಗೂ ಹೇಳಿದೀನಿ. ನಿಂಗೆ ಕೇಳಿದ್ರೆ ನೀನು ಅಳ್ತೀಯ ಅಲ್ವಾ, ಅದಕ್ಕೆ ನಾನೇ ಹೇಳ್ತೀನಿ."

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೂ ನೆನಪಿರಬಹುದು. ಮಂಗಳೂರು, ಕೊಡಗಿನ ಕಡೆ ಬೆಂಕಿಯ ಬಳೆಯಂತೆ ಕಾಣಿಸಿತ್ತು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ. ಈ ತಾಯಿಗೆ ಆಗ ಆರು ತಿಂಗಳು. ಗುರುವಾರ, ಬ್ಯಾಂಕಿಗೆ ರಜೆ ಇಲ್ಲ, ಹೋಗಿದ್ದರು. ಮಗು ಹುಟ್ಟಿದ ದಿನದಿಂದ ಆ ಬೆಳಗಿನ ಲೆಕ್ಕ ಮನೆಯಲ್ಲಿ ನಡೆಯುತ್ತಲೇ ಇತ್ತು. ಬೀದಿಯವರು ಏನು ಕೇಳುತ್ತಾರೋ ಅಂತ ತಾಯಿ ಹೆದರುತ್ತಿದ್ದರು. ಉತ್ತರ ಮಾತ್ರ ಮನೆಯೊಳಗೇ ತಯಾರಾಗಿತ್ತು.

ನಾನು ಚಾಪೆಗೆ ಇಳಿದು ಮಗುವಿನ ಎದುರು ಕೂತೆ. "ಅಮ್ಮ ಆಚೆ ಹೋಗಿದ್ದಕ್ಕೆ ಬಂದಿದ್ದಲ್ಲ ಪುಟ್ಟಿ. ನೀನು ಹೊಟ್ಟೆಯಲ್ಲಿ ಇಷ್ಟೇ ಇಷ್ಟು ಇದ್ದಾಗಲೇ ಚರ್ಮದ ಒಳಗಿನ ಸಣ್ಣ ಸಣ್ಣ ರಕ್ತದ ನಾಳ ಸ್ವಲ್ಪ ಅಗಲ ಆಗಿಬಿಟ್ಟವು. ಯಾರೂ ಮಾಡಿದ್ದಲ್ಲ" ಅಂದೆ.

"ನಾನೂ ಮಾಡಿಲ್ವಾ?"

"ನೀನೂ ಮಾಡಿಲ್ಲ."

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಪೋರ್ಟ್ ವೈನ್ ಸ್ಟೇನ್ ಅನ್ನುವ ಈ ಬಗೆಯ ಕೆಂಪು ಮಚ್ಚೆ ಸಾವಿರ ಮಕ್ಕಳಲ್ಲಿ ಸುಮಾರು ಮೂವರಿಗೆ ಹುಟ್ಟುವಾಗಲೇ ಇರುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಜಿಎನ್‌ಎಕ್ಯೂ ಅನ್ನುವ ಜೀನ್‌ನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣ ಅಂತ 2013ರಲ್ಲಿ ತಿಳಿಯಿತು. ಅದು ಆಗುವುದು ಭ್ರೂಣ ಬೆಳೆಯಲು ಶುರುವಾದ ಕಾಲದಲ್ಲಿ. ತಾಯಿ ತಂದೆಯಿಂದ ಬಂದಿದ್ದಲ್ಲ. ಆರನೇ ತಿಂಗಳ ಗ್ರಹಣ ಬರುವ ಹೊತ್ತಿಗೆ ಈ ಮಗುವಿನ ಮುಖವೂ ಮಚ್ಚೆಯೂ ಆಗಲೇ ಮೂಡಿ ಮುಗಿದಿತ್ತು.

ನಾನು ಕೊಟ್ಟ ಸಲಹೆ ಚಿಕ್ಕದು. ಎಲ್ಲರಿಗೂ ಒಂದೇ ಉತ್ತರ. "ಇದು ಹುಟ್ಟು ಮಚ್ಚೆ. ನೋವಿಲ್ಲ, ಅಂಟೋದಿಲ್ಲ." ಅಷ್ಟು ಹೇಳಿ ಮಾತು ಬದಲಿಸಿ. "ನೀವು ಎಲ್ಲಿ ಇಳೀತೀರಿ?" ಅಂತ ಕೇಳಿದರೂ ಆಯಿತು. ಮುಖದಲ್ಲಿ ಮಚ್ಚೆ, ಕಲೆ ಇರುವವರಿಗಾಗಿ ಇರುವ ಬ್ರಿಟನ್ನಿನ 'ಚೇಂಜಿಂಗ್ ಫೇಸಸ್' ಸಂಸ್ಥೆಯವರೂ ಇದನ್ನೇ ಕಲಿಸುತ್ತಾರೆ. ವಿವರಿಸು, ಸಮಾಧಾನ ಹೇಳು, ಗಮನ ತಿರುಗಿಸು. ಮಕ್ಕಳು ಕೇಳಿದರೆ ಇಷ್ಟು ಸಾಕು. ಕೇಳಿ ಆಟಕ್ಕೆ ಓಡುತ್ತವೆ.

ಕಷ್ಟ ಇರುವುದು ಮದ್ದು ಹೇಳುವವರ ಹತ್ತಿರ. ಯಾವುದೋ ಬೇರು ತೇಯ್ದು ಹಚ್ಚಿ ಅನ್ನುತ್ತಾರೆ, ಇಂಥ ದೇವಸ್ಥಾನಕ್ಕೆ ಹೋಗಿ ಅನ್ನುತ್ತಾರೆ. "ನಮ್ಮ ಅಕ್ಕನ ಮಗೂಗೂ ಇತ್ತು, ತಾನಾಗೇ ಹೋಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಹುಟ್ಟಿದ ಮೇಲೆ ಕಾಣಿಸಿಕೊಂಡು, ಉಬ್ಬಿ, ಕೆಲವು ವರ್ಷಗಳಲ್ಲಿ ಕುಗ್ಗುವ ಇನ್ನೊಂದು ಬಗೆಯ ಕೆಂಪು ಗಂಟು ಇದೆ. ಇದು ಅದಲ್ಲ. ಇದು ತಾನಾಗಿ ಹೋಗುವುದಿಲ್ಲ, ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ. "ಡಾಕ್ಟರು ನೋಡ್ತಿದ್ದಾರೆ" ಅಂದು ಮುಗಿಸಿ. "ಹೆಣ್ಣು ಮಗು ಬೇರೆ, ಮುಂದೆ ಮದುವೆಗೆ..." ಅಂತ ರಾಗ ಎಳೆಯುವವರಿಗೆ ಆ ಉತ್ತರವೂ ಬೇಡ. ಎದ್ದು ಬೇರೆ ಸೀಟಿಗೆ ಹೋಗಿ. ಕೆನ್ನೆ ಮುಟ್ಟಲು ಕೈ ಚಾಚಿದರೆ ಮಾತ್ರ "ಮುಟ್ಟಬೇಡಿ" ಅಂತ ಜೋರಾಗಿಯೇ ಹೇಳಿ.

ಇಷ್ಟು ಮೆತ್ತಗೆ ಯಾಕೆ, ಅಂಥವರಿಗೆ ತಿರುಗಿಸಿ ಕೊಡಬೇಕು ಅಂತ ನನ್ನ ಜೊತೆ ವಾದ ಮಾಡಿದವರಿದ್ದಾರೆ. ಕೇಳಿದ ಹೆಂಗಸು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತಾಳೆ. ಅಮ್ಮನ ದನಿ, ಅಮ್ಮನ ಮುಖ ನೋಡುತ್ತಾ ಕೂತಿರುವುದು ಮಗು. ತನ್ನ ಕೆನ್ನೆಯಿಂದಾಗಿ ಬಸ್ಸಿನಲ್ಲಿ ಜಗಳ ಆಗುತ್ತದೆ ಅಂತ ಅದು ಕಲಿಯಬಾರದು. ಪೌಡರ್ ಬೇಡ ಅಂದಿದ್ದೂ ಇದಕ್ಕೇ. ಮುಂದೆ ದೊಡ್ಡವಳಾಗಿ ತಾನೇ ಮೇಕಪ್ ಹಚ್ಚಿಕೊಂಡರೆ ಅದು ಅವಳ ಇಷ್ಟ.

ಅಜ್ಜಿಯನ್ನು ಕರೆಸಿ ಗ್ರಹಣದ ಪಾಠ ಮಾಡಲಿಲ್ಲ. ಅರವತ್ತು ದಾಟಿದವರ ನಂಬಿಕೆ ನನ್ನ ರೂಮಿನಲ್ಲಿ ಬದಲಾಗುವುದಿಲ್ಲ. ಕೇಳಿಕೊಂಡಿದ್ದು ಒಂದೇ. "ಮಗು ಮುಂದೆ ಆ ಮಾತು ಬೇಡಮ್ಮ. ಶಾಲೆಗೆ ಬಿಡಲು ಹೋಗುವುದು ನೀವೇ ತಾನೇ, ಕೇಳಿದವರಿಗೆ ಈ ಉತ್ತರ ಕೊಡಿ." ಅವರು ಒಪ್ಪಿದರು. ದಿನಾ ಜಾಸ್ತಿ ಪ್ರಶ್ನೆ ಬೀಳುತ್ತಿದ್ದುದು ಅವರಿಗೇ ಅಂತ ಆಗ ಗೊತ್ತಾಯಿತು.

ಚಿಕಿತ್ಸೆ ನನ್ನ ಕೆಲಸವಲ್ಲ, ಆದರೂ ಕೇಳುತ್ತೇನೆ. ಮಚ್ಚೆ ಹಣೆ, ಮೇಲಿನ ರೆಪ್ಪೆಯ ಕಡೆ ಇದ್ದರೆ ಕಣ್ಣಿನೊಳಗಿನ ಒತ್ತಡ ಏರುವ, ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. ಕಣ್ಣಿನ ಡಾಕ್ಟರು ನೋಡಲೇಬೇಕು. ಇವರು ತೋರಿಸಿರಲೇ ಇಲ್ಲ, ಕಳಿಸಿದೆ. ಚರ್ಮದ ಡಾಕ್ಟರು ಪಲ್ಸ್ಡ್ ಡೈ ಲೇಸರ್, ಅಂದರೆ ಆ ಅಗಲವಾದ ರಕ್ತನಾಳಗಳನ್ನು ಬೆಳಕಿನಿಂದ ಕುಗ್ಗಿಸುವ ಚಿಕಿತ್ಸೆ, ಶುರು ಮಾಡಿದ್ದಾರೆ. ಬಣ್ಣ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಹಾಗಾಗಿ ಲೇಸರ್ ಮುಗಿಯಲಿ, ಆಮೇಲೆ ಹೊರಗೆ ಓಡಾಡೋಣ ಅನ್ನುವ ಲೆಕ್ಕ ಸರಿಹೋಗುವುದಿಲ್ಲ.

ಕೊನೆಯ ಸಲ ಬಂದಾಗ ತಾಯಿ ಮಗುವಿನ ಪಾಸ್‌ಪೋರ್ಟ್ ಫೋಟೋ ತೋರಿಸಿದರು. ಸ್ಟುಡಿಯೋದವನು ಕೇಳದೇ ಮಚ್ಚೆ ಅಳಿಸಿಬಿಟ್ಟಿದ್ದ. ಇವರು ವಾಪಸ್ ಹೋಗಿ ಬೇರೆ ಪ್ರಿಂಟ್ ಕೊಡಿ ಅಂದರಂತೆ. "ಒಳ್ಳೇದಕ್ಕೇ ಮಾಡಿದ್ದು ಮೇಡಂ" ಅಂದನಂತೆ ಅವನು. "ಹುಟ್ಟು ಮಚ್ಚೆ ಅಣ್ಣ, ನೋವಿಲ್ಲ, ಅಂಟೋದಿಲ್ಲ. ಎಂಟು ಕಾಪಿ ಹಾಕಿ" ಅಂದು ಅಲ್ಲೇ ನಿಂತು ಹಾಕಿಸಿಕೊಂಡು ಬಂದಿದ್ದರು.