ಅಕೌಂಟ್‌ಗೆ ಬಂದ ದುಡ್ಡು ಮುಂದೆ ಕಳಿಸಿದರೆ ಕಮಿಷನ್: ಇದೂ ಒಂದು ಕೆಲಸಾನಾ?

ಪ್ರಶ್ನೆ: ಟೆಲಿಗ್ರಾಂನಲ್ಲಿ ‘ಪೇಮೆಂಟ್ ಏಜೆಂಟ್’ ಕೆಲಸ ಸಿಕ್ಕಿದೆ. ನನ್ನ ಅಕೌಂಟ್‌ಗೆ ಬರುವ ದುಡ್ಡಿನಲ್ಲಿ ನೂರಕ್ಕೆ ಎಂಟು ಇಟ್ಟುಕೊಂಡು, ಉಳಿದದ್ದನ್ನು ಅವರು ಹೇಳಿದ ಅಕೌಂಟ್‌ಗೆ ಹಾಕಬೇಕು. ಎರಡು ಸಲ ಮಾಡಿದ್ದೇನೆ, ಏನೂ ತೊಂದರೆ ಆಗಿಲ್ಲ. ಆಫರ್ ಲೆಟರ್ ಕೂಡ ಇದೆ. ಮುಂದುವರಿಸಬಹುದಾ?

ಉತ್ತರ: ಬೇಡ. ಇವತ್ತೇ ನಿಲ್ಲಿಸಿ.

ನಿಜವಾದ ಕಂಪನಿಗೆ ತನ್ನದೇ ಅಕೌಂಟ್ ಇರುತ್ತದೆ ಅಲ್ವಾ? ಮುಖವನ್ನೂ ನೋಡದ ನಿಮಗೆ ಸುಮ್ನೆ ನೂರಕ್ಕೆ ಎಂಟು ಯಾಕೆ ಬಿಟ್ಟುಕೊಡುತ್ತದೆ? ಯಾರಿಗೋ ಬ್ಯಾಂಕಿನವರ ಹಾಗೆ ಫೋನ್ ಮಾಡಿ ಒಟಿಪಿ ಕೇಳಿಯೋ, ಸುಳ್ಳು ಹೂಡಿಕೆ ಆ್ಯಪ್ ತೋರಿಸಿಯೋ ಟೋಪಿ ಹಾಕಿದ ದುಡ್ಡು ಅದು. ತಮ್ಮ ಅಕೌಂಟ್‌ಗೇ ಹಾಕಿಕೊಂಡರೆ ಸಿಕ್ಕಿಬೀಳುತ್ತಾರೆ. ಅದಕ್ಕೇ ಮೊದಲು ನಿಮ್ಮ ಅಕೌಂಟ್, ಅಲ್ಲಿಂದ ಇನ್ನೊಬ್ಬರದು, ಮತ್ತೊಬ್ಬರದು, ಕೊನೆಗೆ ನಗದು ಅಥವಾ ಕ್ರಿಪ್ಟೊ. ದುಡ್ಡು ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರಿಗೆ ಮೊದಲು ಸಿಗುವುದು ನಿಮ್ಮ ಹೆಸರು, ನಿಮ್ಮ ಫೋನ್ ನಂಬರ್, ಅಕೌಂಟ್ ತೆರೆಯುವಾಗ ನೀವೇ ಕೊಟ್ಟ ಗುರುತಿನ ಚೀಟಿ. ಹೀಗೆ ಸಿಕ್ಕಿಕೊಳ್ಳುವವರನ್ನೇ ‘ಮನಿ ಮ್ಯೂಲ್’ ಅನ್ನುತ್ತಾರೆ.

ಎರಡು ಸಲ ಸಲೀಸಾಗಿ ಆಯಿತು ಅಂದಿರಿ. ಆಗಲೇಬೇಕು. ಮೊದಲು ಸಣ್ಣ ಮೊತ್ತ ಹಾಕಿ, ಹೇಳಿದ ಟೈಮಿಗೆ ಕಳಿಸುತ್ತೀರಾ, ಜಾಸ್ತಿ ಪ್ರಶ್ನೆ ಕೇಳುತ್ತೀರಾ ಅಂತ ನೋಡುತ್ತಾರೆ. ಆಮೇಲೆ ದೊಡ್ಡ ಮೊತ್ತ ಬರುತ್ತದೆ. ಆಮೇಲೆ ‘ಎಟಿಎಂ ಕಾರ್ಡು, ಸಿಮ್ಮು ನಮಗೇ ಕೊಟ್ಟುಬಿಡಿ, ನಿಮಗ್ಯಾಕೆ ತಲೆನೋವು’ ಅನ್ನುತ್ತಾರೆ. ಫ್ರೆಂಡ್ಸನ್ನೂ ಸೇರಿಸಿದರೆ ಎಕ್ಸ್‌ಟ್ರಾ ಅಂತೆ! ಆಫರ್ ಲೆಟರ್ ವಿಷಯ ಬಿಡಿ, ಲೋಗೋ ಅಂಟಿಸುವುದು ಐದು ನಿಮಿಷದ ಕೆಲಸ.

ಎಲ್ಲರಿಗೂ ಕೆಲಸದ ಆಸೆಯನ್ನೇ ತೋರಿಸುವುದಿಲ್ಲ. ಆನ್‌ಲೈನ್‌ನಲ್ಲಿ ಪ್ರೀತಿ ಮಾಡಿ ‘ನನ್ನ ಅಕೌಂಟ್ ಬ್ಲಾಕ್ ಆಗಿದೆ, ನಿನ್ನದಕ್ಕೆ ಹಾಕಿಸ್ತೀನಿ’ ಅನ್ನುವವರಿದ್ದಾರೆ. ಸ್ಟೂಡೆಂಟ್‌ಗಳ ಹತ್ತಿರ ಖಾಲಿ ಬಿದ್ದಿರುವ ಅಕೌಂಟನ್ನು ಬಾಡಿಗೆಗೆ ಕೇಳುವವರೂ ಇದ್ದಾರೆ. ‘ತಪ್ಪಿ ನಿಮಗೆ ದುಡ್ಡು ಬಂದಿದೆ, ವಾಪಸ್ ಹಾಕಿ’ ಅಂತ ಬೇರೆಯದೇ ಅಕೌಂಟ್ ನಂಬರ್ ಕೊಡುವುದು ಇನ್ನೊಂದು ಆಟ.

‘ನನಗೆ ಗೊತ್ತಿರಲಿಲ್ಲ’ ಅಂದಮಾತ್ರಕ್ಕೆ ಬಿಡುವುದಿಲ್ಲ. ಬ್ರಿಟನ್‌ನಲ್ಲಿ ಅಕ್ರಮ ಹಣ ಸಾಗಿಸಿದ್ದಕ್ಕೆ 14 ವರ್ಷದವರೆಗೂ ಜೈಲಾಗಬಹುದು. ಯುರೋಪಿನಲ್ಲಿ 2016ರಿಂದ ಯುರೋಪೋಲ್ (ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ) ಇದಕ್ಕೆಂದೇ ಕಾರ್ಯಾಚರಣೆ ನಡೆಸುತ್ತಿದೆ, ಅದರಲ್ಲಿ ಆಸೆ ಹುಟ್ಟಿಸಿದವರ ಜೊತೆ ಮ್ಯೂಲ್‌ಗಳೂ ಅರೆಸ್ಟ್ ಆಗಿದ್ದಾರೆ.

ಈಗ ಮಾಡಬೇಕಾದದ್ದು: ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಬ್ಯಾಂಕಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಉಳಿದ ದುಡ್ಡನ್ನೂ ಕಮಿಷನ್ನನ್ನೂ ಮುಟ್ಟಬೇಡಿ. ‘ಕಳಿಸಿದವರಿಗೇ ವಾಪಸ್ ಹಾಕಿಬಿಡ್ತೀನಿ’ ಅಂತಲೂ ಹೋಗಬೇಡಿ, ಆ ಅಕೌಂಟ್ ನಿಮ್ಮಂಥ ಇನ್ನೊಬ್ಬರದ್ದಿರಬಹುದು. ಆ ಕಡೆಯವರು ಡಿಲೀಟ್ ಮಾಡುವ ಮೊದಲೇ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಬೆದರಿಕೆ ಬಂದರೆ ಅದನ್ನೂ ಸೇರಿಸಿ.