ಕ್ಯಾನ್ಸರ್ ಇರುವ ಮಕ್ಕಳ ಮನೆಯವರಿಗೆ ಹೇಗೆ ಸಹಾಯ ಮಾಡಿದರೆ ನಿಜವಾಗಿ ಉಪಯೋಗ?

ಆಫೀಸಿನವರೆಲ್ಲ ದುಡ್ಡು ಸೇರಿಸಿ ಮಕ್ಕಳ ವಾರ್ಡಿಗೆ ಆಟದ ಸಾಮಾನು, ಬಿಸ್ಕೆಟ್ ಹಂಚಬೇಕು ಅಂತಿದ್ದೀರಿ, ಸರಿಯಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಆ ದುಡ್ಡು ಬಾಡಿಗೆಗೆ, ಬಸ್ ಚಾರ್ಜಿಗೆ ಹೋಗಲಿ.

ನಮ್ಮ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಸಿಂಧನೂರು ಕಡೆಯ ಕೂಲಿ ಮನೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿದೆವು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷ ದಾಟದಂತೆ. ಹಾಗಾಗಿ ಕಿಮೋ ಖರ್ಚು ಹೇಗೋ ನಡೆಯಿತು. ಅಕ್ಕ-ಭಾವನನ್ನು ಹೈರಾಣು ಮಾಡಿದ್ದು ಆಸ್ಪತ್ರೆ ಹೊರಗಿನ ಖರ್ಚು.

ಮಕ್ಕಳಲ್ಲಿ ಜಾಸ್ತಿ ಕಾಣುವುದು ಎಎಲ್ಎಲ್ ಅನ್ನುವ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡು-ಮೂರು ವರ್ಷ ಎಳೆಯುತ್ತದೆ. ಶುರುವಿನ ತಿಂಗಳುಗಳಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುತ್ತದೆ, ಸಣ್ಣ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಸಿಂಧನೂರಿನಲ್ಲಿ ಕೂತು ಓಡೋಕಾಗುತ್ತಾ? ಬೆಂಗಳೂರಲ್ಲೇ ರೂಮು ಮಾಡಬೇಕು. ಅಪ್ಪನ ಕೂಲಿ ನಿಲ್ಲುತ್ತದೆ. ಊರಲ್ಲಿ ಅಜ್ಜಿ ಹತ್ತಿರ ಬಿಟ್ಟ ಇನ್ನೊಂದು ಮಗುವಿನ ಖರ್ಚು ಬೇರೆ. ಅಷ್ಟರಲ್ಲಿ ಹುಡುಗ ಚೇತರಿಸಿಕೊಂಡು ಆಡೋಕೆ ಶುರು ಮಾಡುತ್ತಾನೆ, 'ಇನ್ನು ಸಾಕು, ಊರಿಗೆ ಹೋಗೋಣ' ಅಂತ ಮನೆಯವರಿಗೆ ಅನಿಸುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಡುವುದು ಇಲ್ಲೇ. ಬಿಟ್ಟರೆ ಕಾಯಿಲೆ ಮತ್ತೆ ಬರುವ ಸಾಧ್ಯತೆ ತುಂಬಾ ಜಾಸ್ತಿ. ಅದಕ್ಕೇ ಒಂದೇ ಸಲ ಇಪ್ಪತ್ತು ಸಾವಿರ ಕೊಡುವುದಕ್ಕಿಂತ ತಿಂಗಳಿಗೆ ಎರಡು ಸಾವಿರದ ಹಾಗೆ ಹತ್ತು ತಿಂಗಳು ಕೊಡುವುದು ಮೇಲು. ಮೊದಲ ತಿಂಗಳು ನೆಂಟರೆಲ್ಲ ಕೈಹಿಡಿಯುತ್ತಾರೆ, ಎಂಟನೇ ತಿಂಗಳಲ್ಲಿ ಫೋನೂ ಎತ್ತುವುದಿಲ್ಲ.

ನೇರವಾಗಿ ವಾರ್ಡಿಗೆ ನುಗ್ಗಬೇಡಿ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಹೋಗಿ, ಯಾವ ಮನೆಗೆ ಏನು ಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಮಗುವಿನ ಜೊತೆ ಫೋಟೋನೂ ಬೇಡ, ತಲೆಗೂದಲು ಉದುರಿದ ಮಗುವಿನ ಮುಖ ವಾಟ್ಸಾಪಲ್ಲಿ ಓಡಾಡುವುದು ಯಾವ ತಾಯಿಗೆ ಇಷ್ಟ? ಆಟದ ಸಾಮಾನು ಕೊಡಲೇಬೇಕು ಅಂದರೆ ಮೊದಲು ನರ್ಸನ್ನು ಕೇಳಿ. ಸೋಂಕಿನ ಭಯಕ್ಕೆ ಬಟ್ಟೆ ಗೊಂಬೆಗಳನ್ನು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ.

ಸಂಸ್ಥೆಗೇ ಕೊಡೋದಾದರೆ, ಕ್ಯಾನ್ಸರ್ ಇರುವ ಮಕ್ಕಳಿಗೆ, ಅವರ ಮನೆಯವರಿಗೆ ನೆರವಾಗುವ, 2004ರಲ್ಲಿ ಶುರುವಾದ ಕ್ಯಾನ್‌ಕಿಡ್ಸ್ ಇದೆ. ಸೇಂಟ್ ಜೂಡ್ ಇಂಡಿಯಾ 2006ರಲ್ಲಿ ಮುಂಬೈಯಲ್ಲಿ ಶುರುವಾಗಿದ್ದು, ದೂರದಿಂದ ಬಂದ ಮನೆಯವರಿಗೆ ಉಚಿತವಾಗಿ ಉಳಿಯಲು ಜಾಗ ಕೊಡುತ್ತದೆ. ನಮ್ಮ ಉತ್ತರ ಕರ್ನಾಟಕದವರು ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದುಂಟಲ್ಲ, ಅಂಥವರಿಗೆ ಇದನ್ನು ಹೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಫಾರ್ಮ್ ಬರೆಸಿಕೊಳ್ಳಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ದುಡ್ಡಿಲ್ಲದೆಯೂ ಒಂದು ಕೆಲಸ ಮಾಡಬಹುದು. ಕಿಮೋ ಆದಮೇಲೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ದಿಢೀರ್ ಇಳಿಯುತ್ತದೆ, ಆಗ ದಾನಿಯಿಂದ ತೆಗೆದು ಕೊಡಬೇಕು, ತೆಗೆದದ್ದನ್ನು ಐದು ದಿನಕ್ಕಿಂತ ಹೆಚ್ಚು ಇಡೋಕೂ ಬರಲ್ಲ. ಊರು ಹೊಸದಾದ ಅಪ್ಪ ರಾತ್ರಿ ಹೊತ್ತು ದಾನಿಯನ್ನು ಎಲ್ಲಿ ಹುಡುಕಬೇಕು? ನಿಮ್ಮ ಆಫೀಸಿನಲ್ಲಿ ಒಪ್ಪುವವರ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದು ಸೋಷಿಯಲ್ ವರ್ಕರ್ ಕೈಗೆ ಕೊಡಿ. ಕರೆದಾಗ ಹೋಗುವವರ ಹೆಸರು ಮಾತ್ರ ಹಾಕಿ.